ಮೂರೂವರೆ ಕೋರ್ಸು

"ನಮ್ಮ ಕಾಲೇಜಿನಲ್ಲಿ ಅಮೆರಿಕದಲ್ಲಿ ಓದಿ ಬಂದವರು ನೀವೊಬ್ಬರೇ. ಅಲ್ಲಿನ ಶಿಕ್ಷಣ ಪದ್ಧತಿಯ ಬಗ್ಗೆ ಪತ್ರಿಕೆಗೆ ಒಂದು ಲೇಖನ ಕೊಡಿ" ಎಂದು ಉಪನ್ಯಾಸಕರು ಕೇಳಿದಾಗ ನನಗೆ ಒಳಗೊಳಗೇ ನಗು ಬಂತು. ನಾನು ಅಲ್ಲಿ ಓದಿದ್ದು ಮೂರೂವರೆ ಕೋರ್ಸು. ಪದವಿ ಇಲ್ಲ, ಡಿಪ್ಲೊಮಾ ಇಲ್ಲ. ಬಿ.ಇಡಿ. ಪ್ರವೇಶದ ದಿನ ಆ ಅಂಕಪಟ್ಟಿಯನ್ನೂ ಫೈಲಿನಲ್ಲಿಟ್ಟುಕೊಂಡು ಹೋಗಿದ್ದೆ. ಕಚೇರಿಯವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಬೇಡ ಮೇಡಂ, ಬಿ.ಎಸ್ಸಿ. ಮಾರ್ಕ್ಸ್ ಕಾರ್ಡ್ ಕೊಡಿ ಸಾಕು" ಎಂದು ವಾಪಸ್ ಕೊಟ್ಟರು. ಅವರು ಹೇಳಿದ್ದು ಸರಿಯೇ. ಆದರೆ 37ನೇ ವಯಸ್ಸಿನಲ್ಲಿ, ನನ್ನನ್ನು 'ಅಕ್ಕ' ಎಂದು ಕರೆಯುವ ಸಹಪಾಠಿಗಳ ನಡುವೆ, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದೇನೆ ಎಂದರೆ ಅದಕ್ಕೆ ಆ ಮೂರೂವರೆ ಕೋರ್ಸೇ ಕಾರಣ. ಒಂದು ದೇಶದ ಶಿಕ್ಷಣ ಪದ್ಧತಿಯ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಆ ಒಂದು ಕಾಲೇಜಿನಲ್ಲಿ ನನಗೆ ಆದದ್ದನ್ನು ಬರೆಯುತ್ತೇನೆ.

ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಲೆಕ್ಕ ತುಂಬಿಸುವ ಕೆಲಸ ಮಾಡಿ, ಮದುವೆಯಾಗಿ, 2016ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋದೆ. ಯಜಮಾನರದು ಎಚ್-1ಬಿ ವೀಸಾ, ನನ್ನದು ಎಚ್-4. ಎಚ್-4 ಎಂದರೆ ಅವಲಂಬಿತರ ವೀಸಾ. ಓದಬಹುದು, ದುಡಿಯುವಂತಿಲ್ಲ. ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಹೆಂಡತಿ ಅಥವಾ ಗಂಡನಿಗೆ 2015ರಿಂದ ಕೆಲಸದ ಅನುಮತಿ ಸಿಗುತ್ತಿತ್ತು. ನಾವು ಆ ಹಂತಕ್ಕೆ ಬಂದಿರಲಿಲ್ಲ.

ಅಲ್ಲಿ ಕನ್ನಡದವರಿಗೆ ಬರವಿರಲಿಲ್ಲ. ರಾಜ್ಯೋತ್ಸವ, ಯುಗಾದಿ, ವಾರದ ಕೊನೆಗೆ ಯಾರದಾದರೂ ಮನೆಯಲ್ಲಿ ಬಿಸಿಬೇಳೆಬಾತು ಎಲ್ಲವೂ ಇತ್ತು. ಆದರೆ ಅಲ್ಲಿ ಹೊಸಬರು ಯಾರು ಸಿಕ್ಕರೂ "ನೀವೇನು ಮಾಡ್ತೀರಿ?" ಎಂದು ಕೇಳುತ್ತಿದ್ದರು. "ಮನೇಲಿದ್ದೀನಿ" ಎಂದು ನಾನು ಹೇಳಿದ ಮೇಲೆ ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ. ಎರಡು ವರ್ಷದ ಮಗಳನ್ನು ಪಾರ್ಕಿನಲ್ಲಿ ಉಯ್ಯಾಲೆ ತೂಗುತ್ತಾ, ಇನ್ನು ಹತ್ತು ವರ್ಷ ಹೀಗೇ ಕಳೆದರೆ ನನಗೆ ಏನು ಬರುತ್ತದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಆ ಪಾರ್ಕಿನಲ್ಲೇ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಆಫ್ಘಾನಿಸ್ತಾನದ ಹೆಂಗಸು ಸಿಕ್ಕಿದ್ದು. ಫ್ರೀಮಾಂಟ್‌ನಲ್ಲಿ ಆಫ್ಘನ್ನರು ಬಹಳ. ಊರಿನ ಒಂದು ಭಾಗಕ್ಕೆ 'ಲಿಟಲ್ ಕಾಬೂಲ್' ಎಂದೇ ಹೆಸರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಇಂಗ್ಲಿಷ್ ನನ್ನದಕ್ಕಿಂತ ಹರುಕು. "ನಾನು ಕಾಲೇಜಿಗೆ ಹೋಗ್ತೇನೆ, ನೀನೂ ಬಾ" ಎಂದರು. ಪ್ರವೇಶ ಪರೀಕ್ಷೆ ಯಾವಾಗ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಲ್ಲಿ ಅಂಥದ್ದೇ ಇರಲಿಲ್ಲ.

ಕಮ್ಯುನಿಟಿ ಕಾಲೇಜು ಎಂದರೆ ಏನು ಎಂದು ಇಲ್ಲಿ ನಾಲ್ಕು ಮಾತು ಹೇಳಬೇಕು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಶುರುವಾದದ್ದು ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಮೊದಲನೆಯದು. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಇವೆ. ಎರಡು ವರ್ಷದ ಓದು; ಅಲ್ಲಿಂದ ವಿಶ್ವವಿದ್ಯಾಲಯಕ್ಕೂ ಹೋಗಬಹುದು, ವೃತ್ತಿಗೂ ಹೋಗಬಹುದು, ಬರೀ ಒಂದು ಕೋರ್ಸು ಓದಿ ಮನೆಗೂ ಬರಬಹುದು. ಅಂಕದ ಕಟ್‌ಆಫ್ ಇಲ್ಲ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ, ಮೂರು ಯೂನಿಟ್‌ನ ಕೋರ್ಸಿಗೆ 138. ಹೊರಗಿನವರಿಗೆ ಇದು ಹಲವು ಪಟ್ಟು. ಆದರೆ ನನ್ನಂಥ ಎಚ್-4ನವರು ಒಂದು ವರ್ಷ ಅಲ್ಲೇ ವಾಸವಿದ್ದುದಕ್ಕೆ ದಾಖಲೆ ಕೊಟ್ಟರೆ ನಿವಾಸಿಗಳ ಲೆಕ್ಕಕ್ಕೆ ಸೇರುತ್ತಾರೆ. ನಮ್ಮಲ್ಲೂ ಯುಜಿಸಿ 'ಸಮುದಾಯ ಕಾಲೇಜು' ಎಂಬ ಯೋಜನೆ ತಂದಿದೆ. ಆದರೆ ನಮ್ಮ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜನ್ನು ಕಣ್ಣ ಮುಂದೆ ತಂದುಕೊಂಡರೆ ಚಿತ್ರ ಇನ್ನೂ ಹತ್ತಿರ ಬರುತ್ತದೆ. ಬೇರೆಲ್ಲೂ ಹೋಗಲಾಗದವರು ಬರುವ ಕಾಲೇಜು ಎಂದು ಜನ ಅದನ್ನೂ ಸ್ವಲ್ಪ ಕೀಳಾಗಿಯೇ ನೋಡುತ್ತಾರೆ, ಇದನ್ನೂ.

ಮೊದಲ ಭೇಟಿ ಕೌನ್ಸೆಲರ್ ಜೊತೆಗೆ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳನ್ನೂ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಆಕೆ ಫೋಲ್ಡರ್ ತೆರೆಯಲೇ ಇಲ್ಲ. ಒಂದು ಬಿಳಿ ಹಾಳೆ ತೆಗೆದು ಉದ್ದಕ್ಕೆ ಗೆರೆ ಎಳೆದು ಕಾಲಂ ಮಾಡಿದರು. ಮಗುವನ್ನು ಯಾವ ಯಾವ ದಿನ ಯಾರು ನೋಡಿಕೊಳ್ಳುತ್ತಾರೆ? ಕಾರು ಓಡಿಸಲು ಬರುತ್ತದೆಯೇ? ಬರದಿದ್ದರೆ ಕೊನೆಯ ಬಸ್ಸು ಎಷ್ಟಕ್ಕೆ? ರಾತ್ರಿ ಎಷ್ಟು ಗಂಟೆ ನಿದ್ದೆ? ಅಷ್ಟನ್ನೂ ಬರೆದುಕೊಂಡು, "ಈ ಸೆಮಿಸ್ಟರ್ ಒಂದೇ ಕೋರ್ಸು ತಗೊಳ್ಳಿ" ಎಂದರು. ನನಗೆ ಅವಮಾನವಾದಂತಾಯಿತು. ಗಣಿತದಲ್ಲಿ ಡಿಸ್ಟಿಂಕ್ಷನ್ ಬಂದವಳು ನಾನು, ಫೋಲ್ಡರ್ ತೆರೆದಿದ್ದರೆ ಗೊತ್ತಾಗುತ್ತಿತ್ತು.

ಯಜಮಾನರ ಸ್ನೇಹಿತರೆಲ್ಲ ಅಕೌಂಟಿಂಗ್ ಅಥವಾ ಸಾಫ್ಟ್‌ವೇರ್ ಟೆಸ್ಟಿಂಗ್ ಓದಲು ಹೇಳಿದ್ದರು, ಮುಂದೆ ಅನುಮತಿ ಸಿಕ್ಕರೆ ಕೆಲಸ ಬೇಗ ಸಿಗುತ್ತದೆ ಎಂದು. ಅದನ್ನೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ಈಗ ದುಡಿಯುವ ಹಕ್ಕೇ ಇಲ್ಲ ಅಂದಮೇಲೆ, ದುಡಿಮೆಗೆಂದೇ ಕೋರ್ಸು ಆರಿಸುವ ಒತ್ತಡವೂ ಈಗ ಇಲ್ಲವಲ್ಲ?" ಎಂದರು. ಕ್ಯಾಟಲಾಗ್ ಕೊಟ್ಟು, ಓದಬೇಕು ಅನ್ನಿಸಿದ್ದಕ್ಕೆಲ್ಲ ಗುರುತು ಹಾಕಿ ತರಲು ಹೇಳಿದರು. ಆ ಮಾತು ಆ ದಿನ ಹಿತವಾಗಲಿಲ್ಲ. ನನ್ನ ಕಷ್ಟವನ್ನು ಹಗುರ ಮಾಡಿದರು ಅನ್ನಿಸಿತು. ಆರು ಗುರುತು ಹಾಕಿದೆ. ಅದರಲ್ಲಿ 'ಮಗುವಿನ ಬೆಳವಣಿಗೆ ಮತ್ತು ವಿಕಾಸ' ಆಯ್ಕೆಯಾದದ್ದು ಮಕ್ಕಳ ಮೇಲಿನ ಪ್ರೀತಿಯಿಂದಲ್ಲ. ಆ ಕ್ಲಾಸು ಮಂಗಳವಾರ, ಗುರುವಾರ ಸಂಜೆ ಇತ್ತು, ಆ ಎರಡು ದಿನ ಯಜಮಾನರು ಬೇಗ ಮನೆಗೆ ಬರುತ್ತಿದ್ದರು, ಅಷ್ಟೇ. 2018ರ ಆಗಸ್ಟ್‌ನಲ್ಲಿ ಸೇರಿದೆ.

ಮೊದಲ ತಿಂಗಳು ನಾನು ಬಾಯಿ ಬಿಡಲಿಲ್ಲ. ಪ್ರಶ್ನೆ ಬಂದರೆ ಉತ್ತರ ಕನ್ನಡದಲ್ಲಿ ತಯಾರಾಗುತ್ತಿತ್ತು. ಅದನ್ನು ಇಂಗ್ಲಿಷಿಗೆ ತಂದು, ವ್ಯಾಕರಣ ಸರಿಯಿದೆಯೇ ಎಂದು ನೋಡುವ ಹೊತ್ತಿಗೆ ಹದಿನೆಂಟರ ಹುಡುಗರು ಉತ್ತರ ಹೇಳಿ ಮುಗಿಸಿರುತ್ತಿದ್ದರು. ಒಂದು ಗುರುವಾರ ಅಧ್ಯಾಪಕಿ ನೇರವಾಗಿ ನನ್ನನ್ನೇ ಕೇಳಿದರು: "ಚಿಕ್ಕಂದಿನಲ್ಲಿ ಯಾವ ಸಾಮಾನು ಇಟ್ಟುಕೊಂಡು ಆಡ್ತಿದ್ರಿ?" ನಾನು ತಡವರಿಸಿದೆ. ಪಕ್ಕದವರು ಏನೋ ಹೇಳಲು ಹೋದರು. ಅಧ್ಯಾಪಕಿ ಅವರತ್ತ ನೋಡದೆಯೇ ಅಂಗೈ ಎತ್ತಿ ತಡೆದರು. ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ, ನಗಲಿಲ್ಲ, "ಪರವಾಗಿಲ್ಲ" ಎಂದೂ ಅನ್ನಲಿಲ್ಲ, ಕಾದರು. "ಹುಣಸೆ ಬೀಜ" ಎಂದೆ. ಆಮೇಲೆ ಅಳಗುಳಿ ಮಣೆ ಆಟವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದಾಯಿತು. ಎಣಿಕೆ, ಹಂಚಿಕೆ, ಮುಂದಿನ ನಡೆಯ ಊಹೆ ಎಲ್ಲವೂ ಆ ಆಟದಲ್ಲಿದೆ ಎಂದು ಕ್ಲಾಸಿನವರೇ ಪಟ್ಟಿ ಮಾಡಿದರು. ಅವ್ವ ಬಿಸಾಡದೆ ಡಬ್ಬಿಯಲ್ಲಿ ಕೂಡಿಡುತ್ತಿದ್ದ ಬೀಜಗಳು ಪಠ್ಯಕ್ಕೆ ಬಂದದ್ದು ಅಂದೇ.

ಪಠ್ಯಪುಸ್ತಕದ ಬೆಲೆ ಕೋರ್ಸಿನ ಶುಲ್ಕದ ಹತ್ತಿರ ಹತ್ತಿರ ಇತ್ತು. ಗ್ರಂಥಾಲಯದ ಕೌಂಟರಿನಲ್ಲಿ ಒಂದು ಪ್ರತಿ ಇಟ್ಟಿರುತ್ತಿದ್ದರು, ಎರಡು ಗಂಟೆ ಅಲ್ಲೇ ಕೂತು ಓದಬಹುದು. ಅದಕ್ಕೆ ಸಾಲು ನಿಲ್ಲುವವರೇ ನನ್ನ ಗೆಳೆಯರಾದರು: ಕೆಳಗಿನ ಮನೆಯ ಆಫ್ಘನ್ ಅಕ್ಕ, ಇಪ್ಪತ್ತು ವರ್ಷ ಬೇರೆಯವರ ಮಕ್ಕಳನ್ನು ತನ್ನ ಮನೆಯಲ್ಲಿ ನೋಡಿಕೊಂಡಿದ್ದ ಮೆಕ್ಸಿಕೋ ಮೂಲದ ಒಬ್ಬ ತಾಯಿ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲೇ ಬರುತ್ತಿದ್ದ ಹತ್ತೊಂಬತ್ತರ ಹುಡುಗ. ನಾಲ್ವರೂ ಒಂದು ಕೋಣೆ ಕಾದಿರಿಸಿ ಒಬ್ಬರು ಓದುವುದು, ಮೂವರು ಬರೆದುಕೊಳ್ಳುವುದು. ತೂಕ, ಎತ್ತರದ ನಕ್ಷೆಗಳನ್ನು ನಾನು ಬಿಡಿಸಿ ಹೇಳುತ್ತಿದ್ದೆ. ನನ್ನ ವಾಕ್ಯಗಳನ್ನು ಆ ಹುಡುಗ ತಿದ್ದುತ್ತಿದ್ದ. ಮೆಕ್ಸಿಕೋದ ಆ ತಾಯಿಗೆ ಪುಸ್ತಕದಲ್ಲಿದ್ದ ಎಲ್ಲವೂ ಗೊತ್ತಿತ್ತು, ಅದರ ಹೆಸರುಗಳನ್ನು ಬಿಟ್ಟು.

ಎರಡನೇ ಕೋರ್ಸು 'ಮಗು, ಕುಟುಂಬ, ಸಮುದಾಯ.' ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಶಿಶುಕೇಂದ್ರದ ಬಗ್ಗೆ ಐದು ಪುಟ ಬರೆಯಬೇಕಿತ್ತು. ನನಗೆ ಗೊತ್ತಿದ್ದದ್ದು ಒಂದೇ. ಅದನ್ನು ಬರೆಯಲು ಮನಸ್ಸಿರಲಿಲ್ಲ. ನಮ್ಮವ್ವ ಅಂಗನವಾಡಿ ಟೀಚರು. ಹೈಸ್ಕೂಲಿನಲ್ಲಿ "ನಿಮ್ಮಮ್ಮ ಟೀಚರಾ?" ಎಂದು ಯಾರಾದರೂ ಕೇಳಿದರೆ "ಹೂಂ" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಸರ್ಕಾರ ಅವರಿಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಅದೂ ತಿಂಗಳುಗಟ್ಟಲೆ ತಡವಾಗಿ ಬಂದದ್ದನ್ನು ನೋಡಿ ಬೆಳೆದವಳು ನಾನು. ಏನಾದರೂ ಆಗಲಿ, ಈ ಕೆಲಸ ಮಾತ್ರ ಬೇಡ ಎಂದುಕೊಂಡೇ ಗಣಿತ ತೆಗೆದುಕೊಂಡಿದ್ದೆ.

ವಿವರಕ್ಕಾಗಿ ಅವ್ವನಿಗೆ ಫೋನು ಮಾಡಿದೆ. ಒಂದು ಗಂಟೆ ಮಾತಾಡಿದಳು. ಬೆಳಿಗ್ಗೆ ಬೀಗ ತೆಗೆಯುವ ಮೊದಲು ಯಾವ ಯಾವ ಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬರಬೇಕು, ಕರೆಯದಿದ್ದರೆ ಯಾರು ಬರುವುದಿಲ್ಲ. ತೂಗುವಾಗ ಅಳುವ ಮಗುವಿನ ಕೈಗೆ ಏನು ಕೊಡಬೇಕು. ಎರಡು ತಿಂಗಳು ತೂಕ ಏರದಿದ್ದರೆ ತಾಯಿಯನ್ನು ಕೇಳಬಾರದು, ಅಜ್ಜಿಯನ್ನು ಕೇಳಬೇಕು. ತಾಯಿ ಹೆದರಿ ಸುಳ್ಳು ಹೇಳುತ್ತಾಳೆ. "ಇದನ್ನೆಲ್ಲಾ ಬರ್ಕೊಂಡು ಏನ್ ಮಾಡ್ತೀಯೇ?" ಎಂದು ಕೊನೆಗೆ ಕೇಳಿದಳು. "ಇಲ್ಲಿ ಇದಕ್ಕೆ ಮಾರ್ಕ್ಸ್ ಕೊಡ್ತಾರೆ ಅವ್ವಾ" ಎಂದೆ. ಅವಳು ನಕ್ಕಳು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದದ್ದು, ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ ಎಂಬುದು ನನಗೆ ತಿಳಿದದ್ದೂ ಆ ಪ್ರಬಂಧಕ್ಕಾಗಿ ಹುಡುಕಿದಾಗಲೇ. ಅಮೆರಿಕದ ಬಡ ಮಕ್ಕಳ 'ಹೆಡ್ ಸ್ಟಾರ್ಟ್' ಯೋಜನೆ ಅದಕ್ಕಿಂತ ಹತ್ತು ವರ್ಷ ಮುಂಚೆ, 1965ರಲ್ಲಿ ಆರಂಭವಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದೆ. ಅಧ್ಯಾಪಕಿ ಕರೆದು 'ಗೌರವಧನ' ಎಂದರೇನು ಎಂದು ಕೇಳಿದರು. ಹೇಳಿದೆ. "ಹಾಗಾದರೆ ನಿಮ್ಮ ತಾಯಿ ಮತ್ತು ನಾನು ಒಂದೇ ಜಾತಿ" ಎಂದರು. ಆಕೆ ಅರೆಕಾಲಿಕ ಅಧ್ಯಾಪಕಿ. ಮೂರು ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದರು, ಕೋರ್ಸಿಗೆ ಇಷ್ಟು ಎಂದು ಸಂಭಾವನೆ, ಮುಂದಿನ ಸೆಮಿಸ್ಟರ್ ಕೆಲಸ ಇರುತ್ತದೆಯೋ ಇಲ್ಲವೋ ಖಾತ್ರಿಯಿಲ್ಲ, ಪುಸ್ತಕಗಳೆಲ್ಲ ಕಾರಿನ ಡಿಕ್ಕಿಯಲ್ಲಿ. ಅಮೆರಿಕದ ಕಾಲೇಜೆಂದರೆ ಸ್ವರ್ಗ ಎಂದುಕೊಂಡಿರುವ ನಮ್ಮ ತಂಡದವರಿಗೆ ಇದನ್ನು ಆಗಾಗ ಹೇಳುತ್ತಿರುತ್ತೇನೆ. ನನ್ನನ್ನು ಅಷ್ಟು ಹೊತ್ತು ಕಾದು ಮಾತಾಡಿಸಿದ ಹೆಂಗಸಿಗೆ ಕೂರಲು ಒಂದು ಸ್ವಂತ ಮೇಜಿರಲಿಲ್ಲ.

ಪ್ರಬಂಧದ ಕೊನೆಯಲ್ಲಿ ಆಕೆ ಒಂದೇ ಪ್ರಶ್ನೆ ಬರೆದಿದ್ದರು: ನಿಮ್ಮ ತಾಯಿಗೆ ಇದನ್ನೆಲ್ಲ ಯಾರು ಕಲಿಸಿದರು, ಅವರು ಯಾರಿಗೆ ಕಲಿಸುತ್ತಿದ್ದಾರೆ? ಶಿಕ್ಷಕಿಯಾಗಬೇಕು ಎಂಬುದು ಆ ಕ್ಷಣದಲ್ಲೇ ತೀರ್ಮಾನವಾಯಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಆದರೆ ಆಮೇಲೆ ಅಕೌಂಟಿಂಗ್ ಪುಟ ತೆರೆದು ನೋಡಲಿಲ್ಲ.

ಮೂರನೆಯದು ಅವಲೋಕನದ ಕೋರ್ಸು. ಕಾಲೇಜಿನ ಆವರಣದಲ್ಲೇ ಇದ್ದ ಶಿಶುಕೇಂದ್ರದಲ್ಲಿ ಕೂತು ಒಂದು ಮಗುವನ್ನು ನೋಡಿ ಬರೆಯಬೇಕು. ಒಳಗೆ ಬಿಡುವ ಮೊದಲು ಲಸಿಕೆಗಳ ದಾಖಲೆ, ಕ್ಷಯದ ಪರೀಕ್ಷೆ. ಮೊಣಕೈ ಕೆಳಗೆ ಚುಚ್ಚಿದ ಜಾಗ ಎರಡು ದಿನಕ್ಕೆ ಕೆಂಪಗೆ ಊದಿಕೊಂಡಿತು. ನನಗೇನೋ ಆಗಿದೆ ಎಂದು ರಾತ್ರಿಯೆಲ್ಲ ಹೆದರಿದ್ದೆ. ಆಫ್ಘನ್ ಅಕ್ಕ ತನ್ನ ತೋಳಿನ ಕಲೆ ತೋರಿಸಿ, ನನ್ನ ತೋಳಿನಲ್ಲಿದ್ದ ಕಲೆಯನ್ನೂ ಮುಟ್ಟಿ, "ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಹೀಗಾಗುತ್ತೆ, ಎಕ್ಸ್‌ರೇ ತೆಗೆಸು, ಮುಗೀತು" ಎಂದರು. ಹಾಗೇ ಆಯಿತು.

ನನ್ನ ಮೊದಲ ಅವಲೋಕನ ಹೀಗಿತ್ತು: 'ಮಗು ಹಠಮಾರಿ. ಬಣ್ಣ ಹಚ್ಚಲು ಒಪ್ಪಲಿಲ್ಲ. ಗಮನ ಸೆಳೆಯಲು ಅತ್ತಿತು.' ಮೂರೂ ವಾಕ್ಯಗಳ ಕೆಳಗೆ ಗೆರೆ ಎಳೆದು ವಾಪಸ್ ಬಂತು. ಹಠವನ್ನು ಎಲ್ಲಿ ನೋಡಿದಿರಿ? ಕೈ ಎಲ್ಲಿತ್ತು? ಕಣ್ಣು ಯಾವ ಕಡೆಗಿತ್ತು? ಅಳು ಎಷ್ಟು ಹೊತ್ತು, ಅದಕ್ಕೆ ಮೊದಲು ಏನಾಯಿತು? ಮತ್ತೆ ಹೋಗಿ ಕೂತೆ. ಕುಂಚ ಕೊಟ್ಟಾಗಲೆಲ್ಲ ಆ ಹುಡುಗ ತನ್ನ ಅಂಗಿಯ ತೋಳನ್ನು ನೋಡುತ್ತಿದ್ದ, ಆಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಏಪ್ರನ್ ಕಟ್ಟಿದ ದಿನ ಬಣ್ಣ ಮುಟ್ಟಿದ. ಇಷ್ಟನ್ನು ನೋಡಲು ನಾಲ್ಕು ದಿನ ಬೇಕಾಯಿತು.

ನಾಲ್ಕನೆಯದು ಅಲ್ಲಿಯ ಬೋಧನಾಭ್ಯಾಸ. ಅದು ಮುಗಿದಿದ್ದರೆ ನನ್ನ 12 ಯೂನಿಟ್ ಪೂರ್ತಿಯಾಗುತ್ತಿತ್ತು. 2020ರ ಮಾರ್ಚ್ 17ರಿಂದ ನಮ್ಮ ಕೌಂಟಿಯಲ್ಲಿ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆದೇಶವಾಯಿತು, ಶಿಶುಕೇಂದ್ರ ಮುಚ್ಚಿತು. ಅರ್ಧಕ್ಕೇ ನಿಂತಿತು. ಆಮೇಲೆ ಮಗ ಹುಟ್ಟಿದ. 2023ರಲ್ಲಿ ಯಜಮಾನರ ಕೆಲಸ ಹೋಯಿತು. ಎಚ್-1ಬಿಯವರಿಗೆ ಇನ್ನೊಂದು ಕೆಲಸ ಹುಡುಕಲು 60 ದಿನ. ಸಿಗಲಿಲ್ಲ. ಸೂಟ್‌ಕೇಸು ಕಟ್ಟಿ ಬಂದೆವು.

ಈಗ ಇಲ್ಲಿಯ ಮಾತು. ನಮ್ಮ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಸಮೀಕರಣಗಳ ಘಟಕ ನನಗೆ ಬಂದಿತ್ತು. ಎರಡನೇ ಸಾಲಿನ ಒಬ್ಬ ಹುಡುಗಿಯ ಬಗ್ಗೆ ಮೊದಲೇ ಎಚ್ಚರಿಸಿದ್ದರು, "ಅವಳನ್ನ ಕೇಳ್ಬೇಡಿ ಮೇಡಂ, ಬಾಯೇ ಬಿಡಲ್ಲ." ಮೂರು ದಿನ ಅವಳನ್ನು ನೋಡಿ ಬರೆದೆ. ಪ್ರಶ್ನೆ ಕೇಳಿದಾಗ ಮೊದಲು ಬೋರ್ಡು ನೋಡುತ್ತಾಳೆ, ಆಮೇಲೆ ತನ್ನ ಪುಸ್ತಕ. ನಾನು ಬೇರೆಯವರನ್ನು ಎಬ್ಬಿಸಿದ ಮೇಲೆ ಅವಳ ತುಟಿ ಅಲ್ಲಾಡುತ್ತದೆ. ಮೂರು ದಿನದಲ್ಲಿ ಐದು ಸಲ ಹೀಗಾಯಿತು. ಮೇರಿ ಬಡ್ ರೋ ಎಂಬ ಸಂಶೋಧಕಿ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳೇ ಬದಲಾಗುತ್ತವೆ ಎಂದು ತೋರಿಸಿದ್ದನ್ನು ನಾವೆಲ್ಲ ನೋಟ್ಸಿನಲ್ಲಿ ಬರೆದುಕೊಂಡಿದ್ದೇವೆ. ನಾಲ್ಕನೇ ದಿನ ಬೋರ್ಡಿನ ಮೇಲೆ 3x + 5 = 20 ಬರೆದು, ಮೊದಲು ಏನು ಮಾಡಬೇಕು ಎಂದು ಅವಳನ್ನೇ ಕೇಳಿ ನಿಂತೆ. ಮೂರು ಸೆಕೆಂಡು ಸಾಲಲಿಲ್ಲ. ಮನಸ್ಸಿನಲ್ಲಿ ಹನ್ನೊಂದರವರೆಗೆ ಎಣಿಸಿದ್ದೆ. ಹಿಂದಿನ ಬೆಂಚಿನವರು "ಮಿಸ್, ನಾನು, ನಾನು" ಎಂದು ಕೈ ಎತ್ತಿದರು. ಅಂಗೈ ತೋರಿಸಿ ತಡೆದೆ. "ಐದು ಕಳೀಬೇಕು. ಆ ಕಡೀಗೂ ಕಳೀಬೇಕು" ಎಂದಳು.

ಅಂದೇ ನನ್ನ ಪಾಠ ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಪುಸ್ತಕದಲ್ಲಿ, 'ತರಗತಿಯಲ್ಲಿ ಅನಗತ್ಯ ಮೌನ. ಪಾಠದ ವೇಗ ಹೆಚ್ಚಿಸಿಕೊಳ್ಳಬೇಕು' ಎಂದು ಬರೆದರು. ನನಗೆ ಅಳು ಬರುವುದೊಂದು ಬಾಕಿ. ಸಂಜೆ ನನ್ನ ಮೂರು ದಿನದ ಬರಹ ತೋರಿಸಿದೆ. ಓದಿ, "ಸರಿಯಮ್ಮ, ಆದ್ರೆ ಘಟಕ ಮುಗೀಬೇಕಲ್ಲ?" ಎಂದರು. ಅದೂ ಸುಳ್ಳಲ್ಲ. ನನ್ನ ಘಟಕ ಎರಡು ಪಾಠ ಹಿಂದೆ ಬಿದ್ದು, ಆ ಶಾಲೆಯ ಗಣಿತ ಶಿಕ್ಷಕರು ಶನಿವಾರ ಹೆಚ್ಚುವರಿ ತರಗತಿ ತೆಗೆದುಕೊಳ್ಳಬೇಕಾಯಿತು. ಹನ್ನೊಂದು ಸೆಕೆಂಡಿನಂತೆ ಐವತ್ತು ಮಕ್ಕಳಿಗೆ ಕಾಯುವುದು ಹೇಗೆ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಮುಂದಿನ ವಾರ ಅದೇ ಉಪನ್ಯಾಸಕರು ಮತ್ತೆ ಬಂದರು. ಈ ಸಲ ಹಿಂದೆ ಕುರ್ಚಿಯಲ್ಲಿ ಕೂರದೆ ಪಕ್ಕದ ಗೋಡೆಗೆ ಒರಗಿ, ಮಕ್ಕಳ ಮುಖ ಕಾಣುವಂತೆ ನಿಂತರು. ಮೌನದ ಬಗ್ಗೆ ಅಂದು ಏನೂ ಬರೆಯಲಿಲ್ಲ.

ನಮ್ಮ ಕಾಲೇಜಿನಲ್ಲೂ ಒಬ್ಬೊಬ್ಬ ಉಪನ್ಯಾಸಕರಿಗೆ ಇಷ್ಟು ಪ್ರಶಿಕ್ಷಣಾರ್ಥಿಗಳು ಎಂದು ಮಾರ್ಗದರ್ಶನದ ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ. ಯಾವ ಹೊತ್ತು, ಯಾವ ಕೋಣೆ ಎಂಬುದು ಅದರಲ್ಲಿಲ್ಲ. ಪ್ರಾಚಾರ್ಯರನ್ನು ಕೇಳಿ, ಬುಧವಾರ ನಾಲ್ಕರಿಂದ ಐದರವರೆಗೆ ಗಣಿತ ಪ್ರಯೋಗಾಲಯದ ಬೀಗದ ಕೈ ಇಸಿದುಕೊಂಡಿದ್ದೇವೆ. ಮೊದಲ ವಾರ ನಾನೊಬ್ಬಳೇ ಕೂತಿದ್ದೆ. ಈಗ ಏಳೆಂಟು ಜನ ಬರುತ್ತಾರೆ. ಒಬ್ಬರ ಪಾಠಯೋಜನೆ ಇನ್ನೊಬ್ಬರು ಓದುವುದು, ಚಾರ್ಟಿಗೆ ಬಣ್ಣ ಹಚ್ಚುವುದು, ಒಮ್ಮೊಮ್ಮೆ ಮಂಡಕ್ಕಿ ಮೆಣಸಿನಕಾಯಿ.

ಹೋದ ಬುಧವಾರ ಮೊದಲ ವರ್ಷದ ಒಬ್ಬ ಹುಡುಗಿ ಎಲ್ಲರೂ ಹೋಗುವವರೆಗೆ ಕಾದು, "ಅಕ್ಕಾ, ನಂಗಾಗಲ್ಲ, ಬಿ.ಇಡಿ. ಬಿಟ್ಬಿಡ್ತೀನಿ" ಎಂದಳು. ತನ್ನ ಅಂಕಪಟ್ಟಿ, ಮನೆಯ ಕಷ್ಟ, ಬೈದವರ ಮಾತು ಎಲ್ಲವನ್ನೂ ಒಟ್ಟಿಗೇ ಹೇಳಲು ಶುರು ಮಾಡಿದಳು. ಹಳೆಯ ಪಾಠಯೋಜನೆಯ ಒಂದು ಹಾಳೆ ಮಗುಚಿ, ಉದ್ದಕ್ಕೆ ಗೆರೆ ಎಳೆದೆ.

"ಊರಿಂದ ಮೊದಲನೇ ಬಸ್ಸು ಎಷ್ಟೊತ್ತಿಗೆ?"

"ಆರೂ ಕಾಲಿಗೆ ಅಕ್ಕ."

ಮೊದಲ ಕಾಲಂನಲ್ಲಿ ಅದನ್ನು ಬರೆದುಕೊಂಡೆ.